ಅರವತ್ತು ದಾಟಿದರೆ

ಮಗುವನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೂರನೇ ದಿನ ಸಿಸ್ಟರ್ ಬಂದಳು. ಹೆಗಲಿಗೆ ಒಂದು ಚೀಲ, ಚೀಲದೊಳಗೆ ತೂಕದ ಯಂತ್ರ, ಕೈಯಲ್ಲಿ ಹಸಿರು ರಟ್ಟಿನ ಒಂದು ಪುಸ್ತಕ. ಮನೆಯವರು ನಾಲ್ಕೂ ಜನ ಎದ್ದು ನಿಂತರು. ಎರಡು ಕೋಣೆಯ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಎದ್ದು ನಿಂತರೆ ಬಂದವರಿಗೆ ಕೂರಲು ಜಾಗ ಉಳಿಯುವುದಿಲ್ಲ. ಸಿಸ್ಟರ್ ತಾನಾಗಿಯೇ ಮಂಚದ ತುದಿಗೆ ಕೂತಳು.

"ಮಗೂನ ನೋಡ್ಕೊಳ್ಳೋರು ಯಾರು?"

"ಎಲ್ಲರೂ ಸಿಸ್ಟರ್," ಎಂದ ಮಗುವಿನ ಅಪ್ಪ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸ್ ಹೋಗುವುದಿಲ್ಲವೆಂದು ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದ.

"ಎಲ್ಲರೂ ಅಂದ್ರೆ ಯಾರೂ ಇಲ್ಲ ಅಂತ. ಓದೋದು ಬರೆಯೋದು ಚೆನ್ನಾಗಿ ಬರೋದು ಯಾರಿಗೆ?"

ಎಲ್ಲರೂ ತಾತನ ಕಡೆ ತಿರುಗಿದರು. ತಾತ ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ಬರೆದವನು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಬೀದಿಯವರ ಬಾಯಲ್ಲಿ ಈಗಲೂ ಮೀಟರ್ ತಾತ. ಅವನು ಬರೆದ ಅಂಕಿಗಳನ್ನು ಮುತ್ತಿನ ಸಾಲು ಎನ್ನುತ್ತಿದ್ದರಂತೆ ಕಚೇರಿಯಲ್ಲಿ. ಎನ್ನುತ್ತಿದ್ದರು ಎಂದು ಹೇಳಿದವನೂ ತಾತನೇ.

"ಹಾಗಾದ್ರೆ ತಾತ, ನೀವೇ ಬನ್ನಿ ಇಲ್ಲಿ," ಎಂದಳು ಸಿಸ್ಟರ್.

ತಾತ ಕನ್ನಡಕ ಏರಿಸಿಕೊಂಡು ಹೆಂಡತಿಯ ಕಡೆ ನೋಡಿದ. "ನೀನೇನು ನಿಂತಿದೀಯ? ಸಿಸ್ಟರ್‌ಗೆ ಚಹಾ ಮಾಡು." ಅಜ್ಜಿ ಒಳಗೆ ಹೋದಳು. ಮಗುವನ್ನು ಹಗಲೆಲ್ಲ ಎತ್ತಿಕೊಳ್ಳುವವಳು, ಒರೆಸುವವಳು, ಮಲಗಿಸುವವಳು ಅವಳೇ. ಆದರೆ ಅವಳಿಗೆ ಓದಲು ಬಾರದು, ಚಹಾ ಮಾಡಲು ಬರುತ್ತದೆ.

ಮಗುವಿಗೆ ನಾಲ್ಕು ತಿಂಗಳು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲವೆಂದು ಮನೆಯವರು ಗುಬ್ಬಿ ಎನ್ನುತ್ತಿದ್ದರು. ಹೃದಯದ ನಡುಗೋಡೆಯಲ್ಲಿ ತೂತು. ಐದು ಕಿಲೋ ತುಂಬಿದ ಮೇಲೆ ಆಪರೇಷನ್, ಅಲ್ಲಿಯವರೆಗೆ ಔಷಧ ಕೊಟ್ಟುಕೊಂಡು ಕಾಯಬೇಕು. ಅವತ್ತಿನ ತೂಕ ಮೂರು ಕಿಲೋ ಒಂಬೈನೂರು.

ಸಿಸ್ಟರ್ ನಾಲ್ಕು ವಿಷಯ ಹೇಳಿದಳು. ಮಗು ನಿದ್ದೆ ಮಾಡುವಾಗ ಹೊಟ್ಟೆ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು, ಅರವತ್ತು ದಾಟಿದರೆ ಕೂಡಲೇ ಆಸ್ಪತ್ರೆಗೆ. ಹಾಲು ಕುಡಿಯಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿದರೆ, ಕುಡಿಯುವಾಗ ಹಣೆ ಬೆವೆತರೆ ಹೇಳಬೇಕು. ಕಣ್ಣು, ಕಾಲು ಊದಿದರೆ, ತೂಕ ಒಮ್ಮೆಲೇ ಏರಿದರೆ ಹೇಳಬೇಕು, ಅದು ಮೈಯಲ್ಲಿ ನಿಂತ ನೀರು. ತುಟಿ ನೀಲಿಯಾದರೆ ಒಂದು ಕ್ಷಣವೂ ಕಾಯಬಾರದು. ನಾಲ್ಕನ್ನೂ ಒಂದೇ ಉಸಿರಿಗೆ ಹೇಳಿ ಪುಸ್ತಕ ತೆರೆದಳು. ಪುಸ್ತಕದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಕಾಲಂ, ಮೂರೂ ಉಸಿರಿನ ಎಣಿಕೆಗೆ. ಉಳಿದ ಮೂರು ವಿಷಯಕ್ಕೆ ಅಲ್ಲಿ ಕಾಲಂ ಇರಲಿಲ್ಲ.

"ಗೊತ್ತಾಯ್ತಾ?"

"ಗೊತ್ತಾಯ್ತು," ಎಂದ ತಾತ. ಎರಡು ರಾತ್ರಿ ನಿದ್ದೆಗೆಟ್ಟಿದ್ದ ಸೊಸೆ ಗೋಡೆಗೊರಗಿ ತಲೆಯಾಡಿಸಿದಳು. ಅಜ್ಜಿ ಚಹಾ ತರುವಷ್ಟರಲ್ಲಿ ಪಾಠ ಮುಗಿದಿತ್ತು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಪಾತ್ರೆಯ ಮುಚ್ಚಳ ಬಿದ್ದರೂ ಎಲ್ಲರ ಎದೆ ಧಸಕ್ಕೆನ್ನುತ್ತಿತ್ತು. ಮೆಕ್ಯಾನಿಕ್ ಕೆಲಸದಿಂದ ಬಂದವನು ಹೊಸ್ತಿಲಾಚೆಯೇ ನಿಂತು "ಹೇಗಿದಾಳೆ?" ಎಂದು ಕೇಳಿ, ಉತ್ತರ ಬಂದ ಮೇಲೆ ಚಪ್ಪಲಿ ಬಿಡುತ್ತಿದ್ದ. ಬಿಸಿನೀರು ಕಾಯಿಸುವುದು, ಬಾಟಲಿ ಕುದಿಸುವುದು, ಔಷಧವನ್ನು ಸಿರಿಂಜಿನ ಗೆರೆಗೆ ಎಳೆದು ಬೆಳಕಿಗೆ ಹಿಡಿದು ನೋಡುವುದು, ಎಲ್ಲವೂ ಜೀವ ಕೈಯಲ್ಲಿ ಹಿಡಿದುಕೊಂಡೇ ನಡೆಯುತ್ತಿತ್ತು. ಹಸಿರು ಪುಸ್ತಕ ಅಡುಗೆಮನೆಯ ಬಾಗಿಲ ಮೊಳೆಗೆ ನೇತುಬಿದ್ದಿತ್ತು. ಅದರಲ್ಲಿ ನಲವತ್ತೆಂಟು, ಐವತ್ತು, ನಲವತ್ತೊಂಬತ್ತು. ಹೋಗುವಾಗ ಬರುವಾಗ ಎಲ್ಲರೂ ಒಮ್ಮೆ ಅದನ್ನು ನೋಡಿ ಉಸಿರುಬಿಡುತ್ತಿದ್ದರು. ಅಜ್ಜಿ ಮಾತ್ರ ಮಗುವನ್ನು ನೋಡುತ್ತಿದ್ದಳು, ಪುಸ್ತಕ ನೋಡಿ ಅವಳಿಗೆ ಆಗಬೇಕಾದ್ದು ಏನೂ ಇರಲಿಲ್ಲ.

ಎರಡನೇ ವಾರ ಸೊಸೆಯ ರಜೆ ಮುಗಿಯಿತು. ಅವಳದು ಲಾಂಡ್ರಿಯಲ್ಲಿ ಕೆಲಸ, ಹೋಟೆಲುಗಳಿಂದ ಬರುವ ಚಾದರಗಳಿಗೆ ಉಗಿಯ ಯಂತ್ರದಲ್ಲಿ ಇಸ್ತ್ರಿ ಹಾಕುವುದು. ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಅವಳೇ ಹಾಲು ಕುಡಿಸುತ್ತಿದ್ದಳು. ಆ ಎರಡು ಹೊತ್ತು ಮಾತ್ರ ಅಜ್ಜಿಯ ಕೈ ಬಿಡುವು. ಬಿಡುವಾದ ಕೈಗೆ ಅಜ್ಜಿ ಕೂಡಲೇ ಸೂಜಿ ಹಿಡಿಸುತ್ತಿದ್ದಳು. ಗಾರ್ಮೆಂಟಿನವರು ಕಳಿಸುವ ಅಂಗಿಗಳಿಗೆ ಮನೆಯಲ್ಲೇ ಕೂತು ಗುಂಡಿ ಹೊಲಿದುಕೊಡುವುದು ಅವಳ ಕೆಲಸ.

"ನಾನು ಬರೋವರೆಗೂ ಎಲ್ಲ ಸರಿಯಿರುತ್ತಲ್ವಾ ಮಾವ?" ಎಂದು ಸೊಸೆ ಮೊದಲ ದಿನ ಬಾಗಿಲಲ್ಲಿ ಕೇಳಿದಳು.

"ನಾನಿದೀನಲ್ಲಮ್ಮ. ಒಂದಂಕಿ ತಪ್ಪಲ್ಲ."

ಆ ವಾರದ ಗುರುವಾರ ಮಧ್ಯಾಹ್ನ ಅಜ್ಜಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗುಬ್ಬಿ ಮಲಗಿತ್ತು. ತಾತ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಎಣಿಸಿದ. ಅರವತ್ತಮೂರು ಬಂತು.

ತಾತ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದ. ಮತ್ತೆ ಎಣಿಸಿದ. ಅರವತ್ತೈದು. ಎದ್ದು ಹೋಗಿ ನೀರು ಕುಡಿದು ಬಂದ. ಅರವತ್ತು ದಾಟಿದರೆ ಕೂಡಲೇ ಆಸ್ಪತ್ರೆ. ಆಸ್ಪತ್ರೆಯೆಂದರೆ ಹಿಂದಿನ ಸಲ ಹದಿನೆಂಟು ದಿನ. ಮಗುವಿನ ಕೈಯಲ್ಲಿ ಸೂಜಿಗೆ ಜಾಗ ಸಿಗದೆ ತಲೆಗೆ ಚುಚ್ಚಿದ್ದನ್ನು ಅವನು ಬಾಗಿಲ ಗಾಜಿನಲ್ಲಿ ನೋಡಿದ್ದ. ಮಗು ಆಗಲೇ ಬಿಕ್ಕಳಿಸಿತ್ತು, ಅದಕ್ಕೇ ಹೀಗೆ ಎಂದುಕೊಂಡ. ಕನಸು ಕಂಡಿರಬೇಕು ಎಂದುಕೊಂಡ. ಒಟ್ಟಿನಲ್ಲಿ ಈ ರೀಡಿಂಗ್ ನಂಬುವಂಥದ್ದಲ್ಲ ಎಂದು ತೀರ್ಮಾನಿಸಿದ.

ನಂಬಲಾಗದ ರೀಡಿಂಗಿಗೆ ಅವನ ಕೆಲಸದಲ್ಲಿ ಒಂದು ದಾರಿಯಿತ್ತು. ಮನೆಗೆ ಬೀಗ ಬಿದ್ದಿದ್ದರೆ, ಗೇಟಿನಲ್ಲಿ ನಾಯಿ ಬಿಟ್ಟಿದ್ದರೆ, ಮೀಟರಿನ ಗಾಜು ಮಸುಕಾಗಿದ್ದರೆ, ಹಿಂದಿನ ಮೂರು ತಿಂಗಳ ಸರಾಸರಿ ಬರೆದು ಪಕ್ಕದಲ್ಲಿ ಒಂದು ಚುಕ್ಕೆ ಇಡಬೇಕು. ಅದು ಕಳ್ಳ ಲೆಕ್ಕವಲ್ಲ, ಕಚೇರಿಯ ನಿಯಮ. ಮುಂದಿನ ತಿಂಗಳು ಬಾಗಿಲು ತೆಗೆದಾಗ ಎಲ್ಲ ತಾನಾಗಿ ಸರಿಹೋಗುತ್ತದೆ. ಮೂವತ್ತೊಂದು ವರ್ಷ ಸರಿಹೋಗಿತ್ತು. ತಾತ ಹಿಂದಿನ ಮೂರು ಅಂಕಿಗಳನ್ನು ಕೂಡಿ ಭಾಗಿಸಿ ನಲವತ್ತೊಂಬತ್ತು ಎಂದು ಬರೆದ. ಪಕ್ಕದಲ್ಲಿ ಸಣ್ಣದಾಗಿ ಒಂದು ಚುಕ್ಕೆ ಇಟ್ಟ.

ಅಜ್ಜಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಎಣಿಸಿದ್ರಾ?"

"ಹೂಂ."

"ಎಷ್ಟಿದೆ?"

"ಇರಬೇಕಾದಷ್ಟಿದೆ," ಎಂದ ತಾತ. ಸಂಜೆ ಮತ್ತೆ ಎಣಿಸಲು ಕೂತ. ಐವತ್ತರವರೆಗೆ ಎಣಿಸಿ ಗಡಿಯಾರ ನೋಡಿದರೆ ಇನ್ನೂ ಹದಿನೈದು ಸೆಕೆಂಡ್ ಉಳಿದಿತ್ತು. ಎಣಿಸುವುದನ್ನು ಅಲ್ಲಿಗೇ ನಿಲ್ಲಿಸಿಬಿಟ್ಟ. ಎರಡನೇ ಚುಕ್ಕೆ ಬಿತ್ತು.

ಶನಿವಾರ ಸಂಜೆ ಊಟಕ್ಕೆ ಕೂತಾಗ ಅಜ್ಜಿ ಅನ್ನ ಬಡಿಸುತ್ತ ಮಾತು ತೆಗೆದಳು.

"ಗುಬ್ಬಿ ಯಾಕೋ ಹಾಲು ನಿಧಾನ ಮಾಡ್ತಿದೆ ಕಣ್ರೋ. ಮೊದ್ಲು ನಾನು ಎರಡು ಅಂಗಿಗೆ ಗುಂಡಿ ಹಾಕೋದ್ರೊಳಗೆ ಬಾಟ್ಲಿ ಖಾಲಿ ಆಗ್ತಿತ್ತು. ಇವತ್ತು ಮೂರು ಮುಗಿದು ನಾಲ್ಕನೇದಕ್ಕೆ ದಾರ ಪೋಣಿಸಿದೀನಿ."

ಸೊಸೆ ಮುಖ ಎತ್ತಿದಳು. "ನಂಗೆ ಕುಡಿಸೋಕೆ ಬರಲ್ಲ ಅಂತೀರಾ ಅತ್ತೆ?"

"ಅಯ್ಯೋ, ನಾನು ಹಾಗಂದ್ನಾ?"

"ಮತ್ತೆ? ಹಗಲು ನೀವು ಕುಡಿಸ್ದಾಗ ಸರಿಯಿರುತ್ತೆ, ನಾನು ಕುಡಿಸ್ದಾಗ ನಿಧಾನ. ನಿಂತೂ ನಿಂತೂ ಕಾಲು ಬಿದ್ದುಹೋಗಿರುತ್ತೆ, ಆದ್ರೂ ಒಂದು ಹನಿ ಚೆಲ್ಲದ ಹಾಗೆ ಕುಡಿಸ್ತೀನಿ."

"ಹಗಲು ಕುಡಿಸುವಾಗ ನನ್ನ ಕೈಯಲ್ಲಿ ಅಂಗಿ ಇರಲ್ವಲ್ಲಮ್ಮ, ನಾನು ಹೇಗೆ ಹೇಳ್ಲಿ? ಹಣೆ ಬೇರೆ ಬೆವರ್ತಿದೆ ಅದಕ್ಕೆ."

"ಕಿಟಕಿ ಮುಚ್ಚಿಟ್ರೆ ಬೆವರದೆ ಏನಾಗುತ್ತೆ."

"ಕಿಟಕಿ ತೆಗೆದ್ರೆ ಥಂಡಿ ಅಂತ ಮುಚ್ಚಿದೋನು ನಿನ್ನ ಗಂಡ."

ಮೆಕ್ಯಾನಿಕ್ ತಟ್ಟೆಯಿಂದ ಕೈ ತೆಗೆದ. "ಇಬ್ರೂ ಸುಮ್ನಿರ್ತೀರಾ? ಅಪ್ಪ, ಪುಸ್ತಕದಲ್ಲಿ ಏನಿದೆ?"

ತಾತ ಅನ್ನವನ್ನು ಕಲಸಿದ್ದನ್ನೇ ಕಲಸುತ್ತಿದ್ದ. ಸೊಸೆಯೇ ಎದ್ದು ಹೋಗಿ ಪುಸ್ತಕ ತಂದು ಓದಿದಳು. ನಲವತ್ತೊಂಬತ್ತು, ನಲವತ್ತೊಂಬತ್ತು, ಐವತ್ತು.

"ಮತ್ತೇನಮ್ಮ?" ಎಂದ ಮಗ, ನಗಲು ಧೈರ್ಯ ಬಂದವನ ಹಾಗೆ. "ಅಂಗಿ ಲೆಕ್ಕ ನೋಡಿ ಔಷಧ ಕೊಡೋ ಡಾಕ್ಟ್ರು ಇನ್ನೂ ಹುಟ್ಟಿಲ್ಲ."

ಅಜ್ಜಿಯೂ ನಕ್ಕಳು. ಓದಿದವರು ಬರೆದಿಟ್ಟಿದ್ದನ್ನು ಓದಿದವರು ಓದಿ ಹೇಳಿದ ಮೇಲೆ ಅವಳು ಇನ್ನೇನು ಹೇಳಬೇಕು. ತಾತನಿಗೆ ಆಗಲೇ ಹೇಳಿಬಿಡಬೇಕೆನಿಸಿತು. ಬಾಯಿ ತೆರೆದ. ಸೊಸೆ ಆ ವಾರದಲ್ಲಿ ಮೊದಲ ಸಲ ಮತ್ತೊಮ್ಮೆ ಅನ್ನ ಹಾಕಿಸಿಕೊಳ್ಳುತ್ತಿದ್ದಳು. ತಾತ ತೆರೆದ ಬಾಯಿಗೆ ತುತ್ತು ಇಟ್ಟುಕೊಂಡ.

ಸೋಮವಾರ ಸಿಸ್ಟರ್ ಬಂದು ಮಗುವನ್ನು ತೂಗಿದಳು. ನಾಲ್ಕು ಕಿಲೋ ನಾನೂರು. "ಎರಡು ವಾರಕ್ಕೆ ಅರ್ಧ ಕಿಲೋ?" ಎಂದು ಹುಬ್ಬು ಗಂಟಿಕ್ಕಿ ಮಗುವಿನ ಪಾದ ಒತ್ತಿ ನೋಡಿದಳು. ಗುಬ್ಬಿ ಕಿರುಚಿ ಅಳತೊಡಗಿತು. ಅಳುವ ಮಗುವಿನ ಉಸಿರು ಎಣಿಸಲಾಗದು, ಮಲಗುವವರೆಗೆ ಕಾಯಲು ಅವಳಿಗೆ ಹೊತ್ತಿಲ್ಲ, ಇನ್ನೂ ಆರು ಮನೆಯಿತ್ತು. ಪುಸ್ತಕ ತೆರೆದಳು. ಹುಬ್ಬು ಸಡಿಲವಾಯಿತು.

"ಹಾಲು ಮೈಗೆ ಹತ್ತಿದೆ ಹಾಗಾದ್ರೆ. ಉಸಿರು ಇಷ್ಟು ಸಮವಾಗಿದ್ರೆ ಭಯ ಇಲ್ಲ. ಔಷಧ ಈಗಿರೋ ಅಳತೆಯಲ್ಲೇ ಮುಂದುವರಿಸಿ. ತಾತ, ನಿಮ್ಮ ಪುಸ್ತಕ ಬೇರೆ ಮನೆಯವ್ರಿಗೆ ತೋರಿಸ್ಬೇಕು ನಾನು."

ತಾತ ನೆಲ ನೋಡಿದ. ನಾಚಿಕೆಯೆಂದುಕೊಂಡಳು ಸಿಸ್ಟರ್. ಚುಕ್ಕೆಗಳನ್ನು ಅವಳು ನೋಡದೇ ಇರಲಿಲ್ಲ, ಹಳೆಯ ಕಾಲದವರು ಅಂಕಿಯ ಮುಂದೆಯೂ ಚುಕ್ಕೆಯಿಟ್ಟು ಮುಗಿಸುತ್ತಾರೆ ಎಂದುಕೊಂಡಿದ್ದಳು.

ಅರ್ಧ ಕಿಲೋ ಏರಿತೆಂದು ಆ ದಿನ ಮನೆಯಲ್ಲಿ ಸಂಭ್ರಮ. ಇನ್ನು ಆರುನೂರು ಗ್ರಾಂ ಬಂದರೆ ಆಪರೇಷನ್. ಮೆಕ್ಯಾನಿಕ್ ಬರುವಾಗ ಬ್ರೆಡ್ಡು, ಮೊಟ್ಟೆ ತಂದ. ಸೊಸೆ ಗುಬ್ಬಿಯ ಕೆನ್ನೆ ಹಿಂಡಿ "ದುಂಡಗಾಗಿದೀಯ ಕಳ್ಳಿ" ಎಂದಳು. ಆ ಕೆನ್ನೆಯಲ್ಲಿ ನಿಂತಿದ್ದು ನೀರು ಎಂದು ಯಾರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಊದಿರುತ್ತದೆ ಎಂಬುದು ಅಜ್ಜಿಗೆ ಗೊತ್ತಿತ್ತು. ನಿದ್ದೆ ಚೆನ್ನಾಗಿ ಆಗುತ್ತಿದೆ ಎಂದುಕೊಂಡು ಸಮಾಧಾನಪಟ್ಟಿದ್ದಳು.

ತಾತನಿಗೆ ಮಾತ್ರ ಆ ಸಂಭ್ರಮದಲ್ಲಿ ತುತ್ತು ಇಳಿಯಲಿಲ್ಲ. ಈಗ ಹೇಳಿದರೆ ಸಿಸ್ಟರಿಗೂ ಸುಳ್ಳು ಹೇಳಿದ್ದು ಬಯಲಾಗುತ್ತದೆ. ನಾಳೆ ಸರಿಯಾಗಿ ಎಣಿಸುತ್ತೇನೆ, ಐವತ್ತರ ಒಳಗೆ ಬಂದೇ ಬರುತ್ತದೆ, ಆಗ ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಆ ನಾಳೆ ಬಂದಾಗ ಗಡಿಯಾರ ಬಿಚ್ಚಲು ಕೈ ಬರಲಿಲ್ಲ. ಎಣಿಸದಿದ್ದರೆ ಕೆಟ್ಟ ಅಂಕಿ ಬರುವುದಿಲ್ಲ. ದಿನ ಕಳೆದಂತೆ ಮಗು ಮಲಗುವ ಹೊತ್ತಿಗೆ ಅವನಿಗೆ ಹೊರಗೆ ಕೆಲಸ ಹುಟ್ಟತೊಡಗಿತು. ಒಂದು ದಿನ ಬೆಂಕಿಪೊಟ್ಟಣ, ಇನ್ನೊಂದು ದಿನ ಸುಮ್ಮನೆ ಬೀದಿಯ ಕೊನೆಯವರೆಗೆ. ಬಂದವನೇ ಪುಸ್ತಕ ಇಳಿಸಿ ಬರೆಯುತ್ತಿದ್ದ. ನಲವತ್ತೊಂಬತ್ತು, ಚುಕ್ಕೆ. ಐವತ್ತು, ಚುಕ್ಕೆ.

"ಎಲ್ಲಿ ಹೋಗಿದ್ರಿ? ಗುಬ್ಬಿ ಮಲಗಿತ್ತು ಆಗ್ಲೇ," ಎಂದು ಅಜ್ಜಿ ಒಂದು ದಿನ ತಡೆದು ಕೇಳಿದಳು.

"ಹೋಗೋಕೆ ಮುಂಚೆ ಎಣಿಸಿದೆ."

"ಆಗ ನನ್ನ ತೋಳಲ್ಲಿ ಎಚ್ಚರ ಇತ್ತಲ್ರೀ."

"ನಿಂಗೆ ಇದ್ರಲ್ಲಿ ಏನು ಗೊತ್ತಾಗುತ್ತೆ?" ಎಂದು ತಾತ ದನಿಯೇರಿಸಿದ. ನಲವತ್ತು ವರ್ಷದಲ್ಲಿ ಅವನು ಆ ಮಾತನ್ನು ಎಷ್ಟೋ ಸಲ ಆಡಿದ್ದ. ಆಡಿದ ಮೇಲೆ ಅವನ ತುಟಿ ನಡುಗಿದ್ದನ್ನು ಅಜ್ಜಿ ಅವತ್ತೇ ಮೊದಲು ಕಂಡಳು. ಒಳಗೆ ಹೋದಳು.

ಒಂದು ಶನಿವಾರ ಕಳೆದು ಅದರ ಮುಂದಿನ ಶನಿವಾರವೂ ಬಂತು. ಸಂಜೆ ಸೊಸೆ ಹಾಲು ಕುಡಿಸಿ ಏಳುವಷ್ಟರಲ್ಲಿ ಅಜ್ಜಿಯ ಪಕ್ಕದಲ್ಲಿ ಐದು ಅಂಗಿ ಮಡಚಿಟ್ಟಿತ್ತು. ಬಾಟಲಿಯಲ್ಲಿ ಕಾಲು ಭಾಗ ಹಾಲು ಹಾಗೇ ಉಳಿದಿತ್ತು. ಮಗು ಕುಡಿಯುತ್ತ ಕುಡಿಯುತ್ತ ಸುಸ್ತಾಗಿ ಕಣ್ಣು ಮುಚ್ಚಿತ್ತು.

"ಈಗ್ಲೇ ಆಸ್ಪತ್ರೆಗೆ ಹೋಗೋಣ," ಎಂದಳು ಅಜ್ಜಿ. "ನನ್ನ ಮನಸ್ಸು ಒಪ್ತಾ ಇಲ್ಲ."

"ನಾಡಿದ್ದು ಸಿಸ್ಟರ್ ಬರ್ತಾಳಲ್ಲ," ಎಂದ ತಾತ ಗೋಡೆ ನೋಡುತ್ತ.

"ಈಗ ಹೋದ್ರೆ ಸೇರಿಸ್ಕೊಂಡುಬಿಡ್ತಾರಮ್ಮ. ಹೋದ ಸಲ ಹದಿನೆಂಟು ದಿನ. ಅಲ್ಲಿರೋ ಕೆಮ್ಮು, ನೆಗಡಿ ಎಲ್ಲ ಅಂಟಿಕೊಂಡ್ರೆ?" ಎಂದ ಮಗ.

ಸೊಸೆ ಪುಸ್ತಕದ ಹತ್ತಿರ ಹೋದಳು. ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು. ಎಲ್ಲ ಐವತ್ತರ ಆಸುಪಾಸು. "ಉಸಿರು ಸರಿಯಿದೆ ಅತ್ತೆ," ಎಂದಳು. ಆದರೂ ತಿರುಗಿ ನೋಡಿ, "ಮಾವ, ಸರಿಯಿದೆ ಅಲ್ವಾ?" ಎಂದು ಕೇಳಿದಳು.

"ಸರಿಯಿದೆ," ಎಂದ ತಾತ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗುಬ್ಬಿ ಬಾಟಲಿಯನ್ನು ಬಾಯಿಗೇ ತೆಗೆದುಕೊಳ್ಳಲಿಲ್ಲ. ಅಳಲೂ ಇಲ್ಲ. ಪಕ್ಕೆಲುಬಿನ ಸಂದಿಗಳು ಒಳಕ್ಕೆ ಸೆಳೆಯುತ್ತಿದ್ದವು, ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು. ಅಜ್ಜಿ ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವಳು ಯಾರನ್ನೂ ಕೇಳಲಿಲ್ಲ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲೇ ಬೀದಿಗಿಳಿದಳು. ಮೆಕ್ಯಾನಿಕ್ ಓಡಿಹೋಗಿ ಪಕ್ಕದ ಮನೆಯ ವ್ಯಾನು ತಂದ. ಸೊಸೆ ಔಷಧದ ಬಾಟಲಿಗಳ ಜೊತೆ ಮೊಳೆಯಲ್ಲಿದ್ದ ಪುಸ್ತಕವನ್ನೂ ಕಿತ್ತುಕೊಂಡು ಹತ್ತಿದಳು. ದಾರಿಯುದ್ದಕ್ಕೂ ಮಗುವಿನ ಉಸಿರಿನ ಗೊರಗೊರ ಎಂಜಿನ್ನಿನ ಸದ್ದಿನ ಮೇಲೂ ಕೇಳುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಮಗುವಿನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಿಡಿಸಿ, ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿ, ತಾನೇ ಉಸಿರು ಎಣಿಸಿದಳು. ಎಪ್ಪತ್ತೆಂಟು. ಸೊಸೆ ಚಾಚಿದ ಪುಸ್ತಕವನ್ನು ತಿರುವಿದಳು.

"ನಿನ್ನೆ ಸಂಜೆ ಐವತ್ತಿತ್ತಾ?"

"ಹೌದು ಮೇಡಂ."

"ಒಂದು ರಾತ್ರಿಯಲ್ಲಿ ಇಷ್ಟಾಯ್ತು ಅಂದ್ರೆ ಇದು ಸೋಂಕು. ಹಾಲೂ ಕುಡಿದಿಲ್ಲ ಅಂತೀರಿ, ಡ್ರಿಪ್ ಹಾಕ್ಬೇಕಾಗುತ್ತೆ." ಮತ್ತೆ ಮಗುವಿನ ಹೊಟ್ಟೆ ಮುಟ್ಟಿ ನೋಡಿ ತಡೆದು ನಿಂತಳು. "ಆದ್ರೆ ಲಿವರ್ ಊದಿದೆ. ಹೃದಯದಿಂದ ನಿಧಾನವಾಗಿ ನೀರು ತುಂಬ್ಕೊಂಡು ಬಂದಿದ್ರೆ ಡ್ರಿಪ್ ಕೊಡೋಹಾಗಿಲ್ಲ, ಮುಳುಗಿದ ಮಗೂಗೆ ಇನ್ನಷ್ಟು ನೀರು ಹಾಕಿದ ಹಾಗಾಗುತ್ತೆ. ಎಕ್ಸ್‌ರೇ ಬರೋಕೆ ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಕಾಯೋ ಸ್ಥಿತಿ ಅಲ್ಲ. ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ನಿನ್ನೆವರೆಗೂ ಚೆನ್ನಾಗಿದ್ಲಾ?"

"ಪುಸ್ತಕದಲ್ಲಿರೋದೇ ಮೇಡಂ," ಎಂದಳು ಸೊಸೆ. ನರ್ಸ್ ಆಗಲೇ ಡ್ರಿಪ್ಪಿನ ಬಾಟಲಿ ಕಂಬಕ್ಕೆ ನೇತುಹಾಕುತ್ತಿದ್ದಳು.

ತಾತ ಬಾಗಿಲ ಬಳಿ ನಿಂತಿದ್ದ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಬಾಟಲಿಯಿಂದ ಇಳಿಬಿದ್ದ ಕೊಳವೆಯ ತುದಿಯನ್ನು ನೋಡಿದ, ಅದರಲ್ಲಿ ನೀರು ಕೂಡಿಕೊಂಡಿತ್ತು.

"ಅದನ್ನ ಹಾಕ್ಬೇಡಿ," ಎಂದ. ದನಿ ಅವನದೇ ಅನ್ನಿಸಲಿಲ್ಲ. "ಅದು ನೋಡಿ ಬರೆದಿದ್ದಲ್ಲ ಡಾಕ್ಟ್ರೇ."

"ಅಂದ್ರೆ?"

"ಚುಕ್ಕೆ ಇರೋದೆಲ್ಲ ಸರಾಸರಿ. ಎಣಿಸಿದ್ದಲ್ಲ. ನಾನೇ ಹಾಕಿದ್ದು."

ಡಾಕ್ಟರಮ್ಮ ಪುಟ ತಿರುವಿದಳು. ಚುಕ್ಕೆ, ಚುಕ್ಕೆ, ಚುಕ್ಕೆ. "ಯಾವತ್ತಿಂದ?"

"ಹದಿನೇಳು ದಿನ. ಮೊದಲ್ನೇ ದಿನ ಅರವತ್ತಮೂರು ಬಂತು, ಆಮೇಲೆ ಅರವತ್ತೈದು. ನಂಗೆ..." ತಾತ ಕನ್ನಡಕ ತೆಗೆದ. "ನಂಗೆ ಭಯವಾಯ್ತು."

ಸೊಸೆ ಅವನನ್ನು ನೋಡಿದ ರೀತಿಯನ್ನು ಹೇಳುವುದು ಕಷ್ಟ. ಮೆಕ್ಯಾನಿಕ್ "ಅಪ್ಪ" ಎಂದು ಡಾಕ್ಟರಮ್ಮನ ಕೈಯಲ್ಲಿದ್ದ ಪುಸ್ತಕಕ್ಕೆ ಬಗ್ಗಿದ.

"ಬೈಯೋಕೆ ಆಮೇಲೆ ಟೈಮ್ ಇದೆ," ಎಂದಳು ಡಾಕ್ಟರಮ್ಮ. "ಬೇರೆ ಏನಾದ್ರೂ ಕಂಡಿತ್ತಾ? ಹಾಲು ಕುಡಿಯೋದು, ಬೆವರೋದು? ಯಾರು ನೋಡಿದೀರಿ?"

ಅಜ್ಜಿ ಮುಂದೆ ಬಂದಳು. "ನಂಗೆ ಓದೋಕೆ ಬರಲ್ಲ ಡಾಕ್ಟ್ರೇ. ಅಂಗಿ ಲೆಕ್ಕದಲ್ಲಿ ಹೇಳ್ಲಾ?"

"ಯಾವ ಲೆಕ್ಕದಲ್ಲಾದ್ರೂ ಹೇಳಿ, ಬೇಗ."

"ಮನೆಗೆ ಬಂದಾಗ ಎರಡು ಅಂಗಿಗೆ ಗುಂಡಿ ಹೊಲಿಯೋಷ್ಟರಲ್ಲಿ ಹಾಲು ಮುಗೀತಿತ್ತು. ಸೊಸೆ ಕೆಲಸಕ್ಕೆ ಹೋದ ವಾರ ಮೂರು ದಾಟ್ತು. ಅದರ ಮುಂದಿನ ವಾರ ನಾಲ್ಕು. ನಿನ್ನೆ ಐದು, ಆದ್ರೂ ಕಾಲು ಬಾಟ್ಲಿ ಉಳೀತು. ಹಣೆ ಬೆವರೋದು ಎರಡು ವಾರದ ಮೇಲಾಯ್ತು. ಬೆಳಿಗ್ಗೆ ಕಣ್ಣು ಊದಿರುತ್ತೆ."

"ಒಂದು ಅಂಗಿಗೆ ಎಷ್ಟು ಹೊತ್ತು?"

"ಎಂಟು ನಿಮಿಷ," ಎಂದ ತಾತ. ಅದನ್ನು ಅವನು ಯಾವತ್ತೋ ಗಡಿಯಾರ ಹಿಡಿದು ನೋಡಿದ್ದ.

ಡಾಕ್ಟರಮ್ಮ ಬಾಯಲ್ಲೇ ಲೆಕ್ಕ ಹಾಕಿ ಡ್ರಿಪ್ ಇಳಿಸುವಂತೆ ನರ್ಸ್‌ಗೆ ಕೈ ಮಾಡಿದಳು. ನೀರು ಇಳಿಸುವ ಇಂಜೆಕ್ಷನ್ ತರಿಸಿದಳು. ಸೂಜಿ ಚುಚ್ಚುವಾಗ ತಲೆ ಎತ್ತದೆ ಕೇಳಿದಳು. "ಇಷ್ಟೆಲ್ಲ ಕಂಡಿದ್ದನ್ನ ಯಾರಿಗೂ ಹೇಳಲಿಲ್ವಾ ಅಜ್ಜಿ?"

"ಹೇಳಿದೆ. ಪುಸ್ತಕದಲ್ಲಿ ಇರಲಿಲ್ಲ."

ಎಕ್ಸ್‌ರೇ ಬಂದಾಗ ಅಜ್ಜಿಯ ಲೆಕ್ಕವೇ ನಿಜವಾಗಿತ್ತು. ಶ್ವಾಸಕೋಶದ ತುಂಬ ನೀರು. ಸಂಜೆ ನಾಲ್ಕರೊಳಗೆ ಉಸಿರು ಅರವತ್ತಕ್ಕಿಂತ ಕೆಳಗಿಳಿದರೆ ಇಲ್ಲೇ ನೋಡಿಕೊಳ್ಳುತ್ತೇವೆ, ಇಳಿಯದಿದ್ದರೆ ಉಸಿರಾಟದ ಯಂತ್ರ ಬೇಕು, ಅದಕ್ಕೆ ಒಂದು ಗಂಟೆ ದಾರಿಯ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ಡಾಕ್ಟರಮ್ಮ ಹೇಳಿದಳು. ವಾರ್ಡಿನಲ್ಲಿದ್ದ ಒಂದೇ ಮಾನಿಟರ್ ಪಕ್ಕದ ಮಂಚದ ಮಗುವಿಗೆ ಹಾಕಿತ್ತು. ಗಂಟೆಗೊಮ್ಮೆ ಎಣಿಸಿ ಹೇಳಿ ಎಂದು ಮನೆಯವರಿಗೇ ಒಪ್ಪಿಸಿದರು. ಹತ್ತರಿಂದ ಸೊಸೆಯೇ ಎಣಿಸಿದಳು. ಎಪ್ಪತ್ತಾರು, ಎಪ್ಪತ್ತಾರು, ಎಪ್ಪತ್ತೈದು. ಮೆಕ್ಯಾನಿಕ್ ತಂದ ಬ್ರೆಡ್ಡನ್ನು ಯಾರೂ ಮುಟ್ಟಲಿಲ್ಲ. ತಾತ ಕಾರಿಡಾರಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ಅಜ್ಜಿ ಒಮ್ಮೆ ಹೊರಬಂದು ಅವನ ಕೈಗೆ ಚಹಾದ ಲೋಟ ಕೊಟ್ಟು ಒಳಗೆ ಹೋದಳು.

ಸುದ್ದಿ ತಿಳಿದು ಮೂರು ಗಂಟೆಗೆ ಸಿಸ್ಟರ್ ಬಂದಳು. ಭಾನುವಾರವಾದ್ದರಿಂದ ಮನೆಬಟ್ಟೆಯಲ್ಲೇ ಇದ್ದಳು. ಸೊಸೆಯಿಂದ ಎಲ್ಲ ಕೇಳಿ ಮಗುವಿನ ಪಾದ ಒತ್ತಿ ನೋಡಿದಳು. "ಅವತ್ತು ನಾನು ಕೂತು ಎಣಿಸ್ಬೇಕಿತ್ತು," ಎಂದಳು ಆಮೇಲೆ. "ಆರು ಮನೆ ಬಾಕಿ ಇತ್ತು." ಅಜ್ಜಿ ಏಳಲು ಹೋದಾಗ ತೋಳು ಹಿಡಿದು ಕೂರಿಸಿದಳು. "ನೀವು ಎಲ್ಲಿಗೂ ಹೋಗ್ಬೇಡಿ." ನಾಲ್ಕು ವಿಷಯವನ್ನೂ ಮತ್ತೆ ಹೇಳಿದಳು, ಈ ಸಲ ಒಂದೊಂದಾಗಿ, ಮಗುವಿನ ಮೈ ಮುಟ್ಟಿ ತೋರಿಸುತ್ತ. "ಈಗ ನಾನು ಹೇಳಿದ್ದನ್ನ ನೀವು ನಂಗೆ ಹೇಳಿ ಅಜ್ಜಿ."

ಅಜ್ಜಿ ಹೇಳಿದಳು. ಬೆವರು ಎಂದಳು, ಹಾಲು ನಿಧಾನ ಎಂದಳು, ಊತ ಎಂದಳು, ತುಟಿ ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. "ಇಷ್ಟೂ ನಂಗೆ ಕಂಡಿತ್ತಲ್ಲ ತಾಯಿ. ಕಂಡಿದ್ದು ಏನು ಅಂತ ಗೊತ್ತಾಗ್ಲಿಲ್ಲ."

ನಾಲ್ಕು ಗಂಟೆಗೆ ಎರಡು ನಿಮಿಷ ಇದ್ದಾಗ ಸೊಸೆ ಕಾರಿಡಾರಿಗೆ ಬಂದು ಬೆಂಚಿನ ಮುಂದೆ ನಿಂತಳು. ಅಳು ಬತ್ತಿದ ಕಣ್ಣು ಕೆಂಪಗಿತ್ತು.

"ಬನ್ನಿ ಮಾವ. ಈಗಿಂದು ನೀವು ಎಣಿಸಿ."

"ನನ್ನ ಕೈಲಾಗಲ್ಲಮ್ಮ. ನನ್ನ ನಂಬಬೇಡ ನೀನು."

"ನಂಬ್ತಾ ಇಲ್ಲ. ಅದಕ್ಕೇ ಜೋರಾಗಿ ಎಣಿಸಿ. ನಂಗೆ ಕೇಳ್ಬೇಕು."

ತಾತ ಒಳಗೆ ಬಂದ. ಮಗು ಮಲಗಿತ್ತು. ಗೋಡೆ ಗಡಿಯಾರದ ಮುಳ್ಳು ಹನ್ನೆರಡಕ್ಕೆ ಬರುವುದನ್ನು ಕಾದು ಶುರುಮಾಡಿದ. ಒಂದು, ಎರಡು, ಮೂರು. ಮಗ ಮಂಚದ ಕಂಬಿ ಬಿಗಿಹಿಡಿದಿದ್ದ. ಇಪ್ಪತ್ತು, ಮೂವತ್ತು. ಹೊಟ್ಟೆ ಏರುವುದು, ಇಳಿಯುವುದು. ನಲವತ್ತು, ಐವತ್ತು. ಐವತ್ತೆಂಟು. ಐವತ್ತೊಂಬತ್ತು. ಅರವತ್ತು ಎಂದಾಗ ಗಡಿಯಾರದಲ್ಲಿ ಇನ್ನೂ ಒಂಬತ್ತು ಸೆಕೆಂಡ್ ಉಳಿದಿತ್ತು.

ತಾತ ಸೊಸೆಯ ಮುಖ ನೋಡಿದ.

"ನಿಲ್ಲಿಸ್ಬೇಡಿ," ಎಂದಳು ಅವಳು.

ಅರವತ್ತೊಂದು ಎಂದ ತಾತ. ಅರವತ್ತೆರಡು ಎಂದ. ಎಲ್ಲರೂ ಕೇಳುತ್ತಿದ್ದರು. "ಎಪ್ಪತ್ತೊಂದು," ಎಂದು ಮುಗಿಸಿ, ತಾನೇ ಎದ್ದು ಬಾಗಿಲಿಗೆ ಹೋಗಿ ಡಾಕ್ಟರಮ್ಮನಿಗೆ ಕೇಳುವಂತೆ ಮತ್ತೊಮ್ಮೆ ಹೇಳಿದ. "ಎಪ್ಪತ್ತೊಂದು ಡಾಕ್ಟ್ರೇ. ಇಳಿದಿಲ್ಲ."

ಡಾಕ್ಟರಮ್ಮ ಬಂದು ನೋಡಿ ಆಂಬುಲೆನ್ಸಿಗೆ ಹೇಳಿ ಕಳಿಸಿದಳು. "ಹತ್ತು ನಿಮಿಷದಲ್ಲಿ ಹೊರಡ್ಬೇಕು. ಈಗ ಹೊರಟ್ರೆ ಸಮಯ ಇದೆ," ಎಂದಳು. ಮೆಕ್ಯಾನಿಕ್ ಚೀಲ ಕಟ್ಟತೊಡಗಿದ. ಅಜ್ಜಿ ಮಗುವಿನ ಕಾಲಿಗೆ ಸಾಕ್ಸು ಏರಿಸಿದಳು. ಸಿಸ್ಟರ್ ಆಮ್ಲಜನಕದ ಸಿಲಿಂಡರ್ ತರಲು ಓಡಿದಳು. ಯಾರೂ ಕೂಗಾಡಲಿಲ್ಲ.

"ದಾರಿಯಲ್ಲಿ ಯಾರಾದ್ರೂ ಎಣಿಸ್ತಾ ಇರ್ಬೇಕು," ಎಂದಳು ಡಾಕ್ಟರಮ್ಮ. "ಜಾಸ್ತಿ ಆದ್ರೆ ಕೂಡ್ಲೇ ಜೊತೆಗೆ ಬರೋ ನರ್ಸ್‌ಗೆ ಹೇಳ್ಬೇಕು. ಮಗು ಜೊತೆ ಇಬ್ಬರಿಗೆ ಮಾತ್ರ ಜಾಗ."

ಸೊಸೆ ಮಗುವನ್ನು ಎತ್ತಿಕೊಂಡು ಆಂಬುಲೆನ್ಸ್ ಹತ್ತಿದಳು. ಗಂಡನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ಆಮೇಲೆ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದಳು.

"ಹತ್ತಿ ಮಾವ," ಎಂದಳು. "ಜೋರಾಗಿ."

ಬಾಗಿಲು ಮುಚ್ಚಿತು. ತಾತ ಒಂದರಿಂದ ಶುರುಮಾಡಿದ.